ಉಳಿದ ತುಂಡುಗಳನ್ನು ಏನು ಮಾಡೋದು?

ಯೋಹಾನನ ಸುವಾರ್ತೆ 6ನೇ ಅಧ್ಯಾಯ ತೆಗೀರಿ, ಫೋನಲ್ಲಾದರೂ ಪರವಾಗಿಲ್ಲ.

5 ರೊಟ್ಟಿ, 2 ಮೀನು, 5,000 ಗಂಡಸರು. ಸಂಡೇ ಸ್ಕೂಲಿನಿಂದ ಕೇಳಿದ ಕಥೆ, ಅಲ್ವಾ? ಇವತ್ತು ನಾವು 12ನೇ ವಚನದಲ್ಲಿ ನಿಲ್ಲೋಣ. ಎಲ್ಲರ ಹೊಟ್ಟೆ ತುಂಬಿತು. ಅದ್ಭುತ ಮುಗೀತು, ಮನೆಗೆ ಹೋಗೋಣ ಅಂತ ನಾವಾಗಿದ್ದರೆ ಹೊರಡ್ತಿದ್ವಿ. ಆದರೆ ಯೇಸುವಿಗೆ ಇನ್ನೂ ಒಂದು ಕೆಲಸ ಇತ್ತು. ಹುಲ್ಲಿನ ಮೇಲೆ ಅಲ್ಲಲ್ಲಿ ಉಳಿದಿದ್ದ ತುಂಡುಗಳನ್ನು ಕೂಡಿಸಿ, ಯಾವುದೂ ಹಾಳಾಗದಂತೆ ನೋಡಿಕೊಳ್ಳಲು ಆತನು ಶಿಷ್ಯರಿಗೆ ಹೇಳಿದನು.

ಇಲ್ಲಿ 'ತುಂಡು' ಅನ್ನೋದಕ್ಕೆ ಗ್ರೀಕ್ ಭಾಷೆಯಲ್ಲಿರುವ ಪದ 'ಕ್ಲಾಸ್ಮಾ'. 'ಕ್ಲಾಓ' ಅಂದರೆ ಮುರಿ. ಆ ಧಾತುವಿನಿಂದ ಬಂದದ್ದು ಕ್ಲಾಸ್ಮಾ, ಮುರಿದದ್ದರಿಂದ ಆದ ಚೂರು. ಹೊಸ ಒಡಂಬಡಿಕೆಯಲ್ಲಿ ಈ ಪದ 9 ಸಾರಿ ಬರುತ್ತದೆ. ಒಂಬತ್ತೂ ಸಾರಿ ಕರ್ತನು ಜನಸಮೂಹಕ್ಕೆ ಊಟ ಕೊಟ್ಟ ಸಂದರ್ಭದ ಬಗ್ಗೆಯೇ! ಆತನು ರೊಟ್ಟಿ ಮುರಿದನು ಅಂತ ಮತ್ತಾಯ 14:19 ಹೇಳುವಾಗಲೂ ಅದೇ ಧಾತು.

ಗಮನ ಕೊಡಿ. 'ಉಳಿದದ್ದು' ಅಂದ ಕೂಡಲೇ ನಮ್ಮ ತಲೆಗೆ ಬರೋದು ಎಂಜಲು. ಕ್ಲಾಸ್ಮಾ ಅಂದರೆ ಎಂಜಲು ಅಲ್ಲ, ಕಸವೂ ಅಲ್ಲ. ಮೇಜಿನ ಕೆಳಗೆ ಬೀಳುವ ರೊಟ್ಟಿಚೂರಿಗೆ ಮತ್ತಾಯ 15:27ರಲ್ಲಿ ಬೇರೆ ಪದವೇ ಇದೆ. ಕ್ಲಾಸ್ಮಾ ಹೇಳೋದು ಒಂದೇ ಸಂಗತಿ: ಇದು ಮುರಿದಿದೆ. ಬೆಲೆ ಕಳಕೊಂಡಿದೆ ಅಂತ ಅದು ಹೇಳೋದಿಲ್ಲ.

ಇಂದಿನ ಗ್ರೀಕ್ ಭಾಷೆಯಲ್ಲಿ ಕ್ಲಾಸ್ಮಾ ಅಂದರೆ ಲೆಕ್ಕದ ಭಿನ್ನರಾಶಿ. ನಮ್ಮ 'ಭಿನ್ನ' ಅನ್ನೋ ಪದಕ್ಕೂ ಮೂಲದಲ್ಲಿ ಒಡೆದದ್ದು ಅಂತಲೇ ಅರ್ಥ. ಸ್ವಲ್ಪ ಯೋಚಿಸಿ, ಮುಕ್ಕಾಲನ್ನು ಯಾವ ಮೇಷ್ಟ್ರೂ ಸೊನ್ನೆ ಅಂತ ಬರೆಯಲ್ಲ. ಕಾಲನ್ನೂ ಬರೆಯಲ್ಲ. ನಮ್ಮ ಬದುಕು ಒಂದಿಷ್ಟು ಮುರಿದರೆ ಮಾತ್ರ ನಾವೇ ನಮಗೆ ಸೊನ್ನೆ ಹಾಕಿಕೊಳ್ತೀವಿ!

ಹಳೆ ಒಡಂಬಡಿಕೆಯ ಪುರಾತನ ಗ್ರೀಕ್ ಅನುವಾದದಲ್ಲೂ ಈ ಪದ ಇದೆ. ನ್ಯಾಯಸ್ಥಾಪಕರು 9:53ರಲ್ಲಿ ಒಬ್ಬ ಹೆಂಗಸು ಗೋಪುರದ ಮೇಲಿಂದ ಬೀಸುಕಲ್ಲಿನ ತುಂಡು ಎತ್ತಿ ಹಾಕುತ್ತಾಳೆ, ಅಬೀಮೆಲೆಕನ ತಲೆ ಒಡೆಯುತ್ತದೆ. ಅದು ಒಂದು ಕ್ಲಾಸ್ಮಾ. 1 ಸಮುವೇಲ 30ರಲ್ಲಿ ಇನ್ನೊಂದಿದೆ. ಐಗುಪ್ತದ ಒಬ್ಬ ಯುವಕ ಅಮಾಲೇಕ್ಯನೊಬ್ಬನ ಆಳು. ಕಾಯಿಲೆ ಬಿದ್ದ, ಯಜಮಾನ ಬಿಟ್ಟು ಹೋದ. ಮೂರು ಹಗಲು ಮೂರು ರಾತ್ರಿ ಅನ್ನ ನೀರಿಲ್ಲ. ದಾವೀದನ ಜನರು ಅವನಿಗೆ ರೊಟ್ಟಿ, ನೀರು, ಒಣದ್ರಾಕ್ಷಿ ಕೊಟ್ಟರು. ಜೊತೆಗೆ ಅಂಜೂರದ ಉಂಡೆಯ ಒಂದು ತುಂಡು, ಒಂದು ಕ್ಲಾಸ್ಮಾ. ಅವನಿಗೆ ಜೀವ ಬಂತು. ಆಮೇಲೆ ದಾರಿ ತೋರಿಸಿದವನು ಅವನೇ. ದಾವೀದನು ಕಳಕೊಂಡಿದ್ದೆಲ್ಲಾ ವಾಪಸ್ಸು ಸಿಕ್ಕಿತು. ಯಜಮಾನನಿಗೆ ಬೇಡವಾದವನ ಮೂಲಕವೇ ದೇವರು ಅಷ್ಟು ಮಾಡಿದನು. ಹಲ್ಲೆಲೂಯಾ!

ಈಗ ಯೋಹಾನನಿಗೆ ವಾಪಸ್ಸು ಬನ್ನಿ. 'ಹಾಳಾಗಬಾರದು' ಅನ್ನೋದಕ್ಕೆ ಇಲ್ಲಿರುವ ಕ್ರಿಯಾಪದವೇ 39ನೇ ವಚನದಲ್ಲಿ ಮತ್ತೆ ಬರುತ್ತದೆ. ಅಲ್ಲಿ ಕರ್ತನು ರೊಟ್ಟಿಯ ಬಗ್ಗೆ ಮಾತಾಡ್ತಿಲ್ಲ, ತಂದೆ ತನಗೆ ಕೊಟ್ಟವರ ಬಗ್ಗೆ ಮಾತಾಡ್ತಾನೆ; ಅವರಲ್ಲಿ ಯಾರನ್ನೂ ಕಳಕೊಳ್ಳಬಾರದು ಅನ್ನೋದೇ ತಂದೆಯ ಚಿತ್ತ. 'ಕೂಡಿಸು' ಅನ್ನೋ ಕ್ರಿಯಾಪದ 11:52ರಲ್ಲಿ ಮತ್ತೆ ಬರುತ್ತದೆ. ಚೆದರಿಹೋದ ದೇವರ ಮಕ್ಕಳನ್ನು ಒಂದಾಗಿ ಕೂಡಿಸಲಿಕ್ಕೆ ಆತನು ಸಾಯಬೇಕಾಗಿತ್ತು. ಹುಲ್ಲಿನ ಮೇಲಿನ ತುಂಡನ್ನೇ ಬಿಡದವನು ನಿಮ್ಮನ್ನು ಬಿಡ್ತಾನಾ?

ಹೋದ ತಿಂಗಳು ನಮ್ಮ ಯೂತ್ ಮೀಟಿಂಗಿನ ಒಬ್ಬ ತಮ್ಮನನ್ನು ನೋಡಲು ಅವನ ಪಿ.ಜಿ.ಗೆ ಹೋಗಿದ್ದೆ. ಕೆಲಸ ಹೋಗಿತ್ತು, ಊರಲ್ಲಿ ಅಪ್ಪ ಅಮ್ಮನಿಗೆ ಹೇಳಿರಲಿಲ್ಲ. "ಪಾಸ್ಟರ್, ಎಲ್ಲಾ ಸರಿ ಆದ್ಮೇಲೆ ಸಭೆಗೆ ಬರ್ತೀನಿ" ಅಂದ. ನಾನು ಹೇಳಿದೆ: "ತಮ್ಮಾ, ಆ ತುಂಡುಗಳು ಮತ್ತೆ ಇಡೀ ರೊಟ್ಟಿ ಆಗಿ ಪುಟ್ಟಿಗೆ ಬಂದವಾ? ತುಂಡಾಗಿಯೇ ಬಂದವು. ನೀನೂ ಹಾಗೇ ಬಾ."

ಕೊನೆಯದಾಗಿ ಒಂದು ಮಾತು. ತುಂಡುಗಳು ತಾವಾಗಿ ನಡೆದು ಪುಟ್ಟಿಗೆ ಬರಲಿಲ್ಲ. ಶಿಷ್ಯರು ಬಗ್ಗಿ ಹೆಕ್ಕಬೇಕಾಯಿತು. ಅದೂ ಹೊಟ್ಟೆ ತುಂಬಿದ ಮೇಲೆ, ಯಾರಿಗೂ ಆ ತುಂಡು ಬೇಕಿಲ್ಲದ ಹೊತ್ತಿನಲ್ಲಿ. ನಮ್ಮ ವಾಟ್ಸ್ಯಾಪ್ ಗ್ರೂಪಿನಲ್ಲಿ ಸುಮ್ಮನಾದವರು ಯಾರು? ಹೋದ ವರ್ಷ ನಿಮ್ಮ ಪಕ್ಕ ಕೂತು ಆರಾಧಿಸಿದವರು ಈಗ ಎಲ್ಲಿದ್ದಾರೆ? "ಬ್ಯಾಕ್‌ಸ್ಲೈಡ್ ಆದ್ರು" ಅಂತ ಹೆಸರಿಟ್ಟು ಮುಂದೆ ಹೋಗೋದು ಸುಲಭ. ಇವತ್ತು ಸಂಜೆಯೊಳಗೆ ಒಬ್ಬರಿಗೆ ಫೋನ್ ಮಾಡಿ. ಉಪದೇಶ ಬೇಡ. "ಊಟ ಆಯ್ತಾ?" ಅಂತ ಕೇಳಿ, ಸಾಕು.

ಕಣ್ಣು ಮುಚ್ಚೋಣ. ಕರ್ತನೇ, ಚೆದರಿದ ನಮ್ಮನ್ನು ನಿನ್ನ ಕೈಯಿಂದ ಕೂಡಿಸು. ಬಗ್ಗಿ ಹೆಕ್ಕುವ ಮನಸ್ಸನ್ನು ನಮಗೆ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.