ಬರಲ್ಲ, ಹರಡಿ

ನಮ್ಮ ಬೀದಿಯ ಕೊನೆಯ ಮನೆಯ ಅಜ್ಜಿ ಹುಣಸೆಹಣ್ಣು ಕೊಂಡು, ಬಿಡಿಸಿ, ಒಣಗಿಸಿ ಮಾರುತ್ತಾರೆ. ತುಮಕೂರು ಕಡೆ ಮಾರ್ಚ್, ಏಪ್ರಿಲ್ ಅಂದರೆ ಹುಣಸೆಯ ಕಾಲ. ಮಾವಿನ ಮಳೆ ಬೀಳುವುದೂ ಆಗಲೇ. ಬೆಳಿಗ್ಗೆ ಅಂಗಳದಲ್ಲಿ ಟಾರ್ಪಾಲು ಹಾಸುವ ಮುಂಚೆ ಅವರು ನನ್ನನ್ನು ಕೇಳುತ್ತಾರೆ: "ಏನಂತೈತೆ ಇವತ್ತು ನಿನ್ನ ಫೋನು?" ಹವಾಮಾನ ಇಲಾಖೆಯ ಮುನ್ಸೂಚನೆ ಓದಿ ಹೇಳುವುದು ನನ್ನ ಕೆಲಸ. ಯಾರೂ ವಹಿಸಿದ್ದಲ್ಲ, ಸಂಬಳವಿಲ್ಲ, ಆದರೆ ಒಳಗೊಳಗೇ ಹೆಮ್ಮೆಯಿತ್ತು.

ಹೋದ ಏಪ್ರಿಲ್‌ನಲ್ಲಿ ಒಂದು ದಿನ "ಒಂದೆರಡು ಕಡೆ ಗುಡುಗು ಸಹಿತ ಮಳೆ" ಎಂದಿತ್ತು. ಇಲಾಖೆಯ ಭಾಷೆಯಲ್ಲಿ ಈ ಮಾತಿಗೊಂದು ಲೆಕ್ಕವಿದೆ: ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ಹೆಚ್ಚೆಂದರೆ ಕಾಲುಭಾಗದಷ್ಟರಲ್ಲಿ ಮಳೆ. ನಾನು ಬಸ್ಸಿಗೆ ಓಡುತ್ತಿದ್ದೆ. "ಬರಲ್ಲ, ಹರಡಿ" ಅಂದುಬಿಟ್ಟೆ. ಮಧ್ಯಾಹ್ನ ಮೂರೂವರೆಗೆ ಗಾಳಿ ಎದ್ದು, ಆಲಿಕಲ್ಲಿನೊಂದಿಗೆ ಇಪ್ಪತ್ತು ನಿಮಿಷ ಸುರಿಯಿತು. ಕೆರೆಯ ಆಚೆ ಏರಿಯಲ್ಲಿ ಧೂಳು ಕೂಡ ಅಡಗಿರಲಿಲ್ಲ. ಸಂಜೆ ನಾನು ಬಂದಾಗ ಅಜ್ಜಿ ಒದ್ದೆ ಹಣ್ಣನ್ನು ಹಜಾರದಲ್ಲಿ ಫ್ಯಾನಿನ ಕೆಳಗೆ ಹರವುತ್ತಿದ್ದರು. ಬೈಯಲಿಲ್ಲ. "ನೀನು ಹೇಳ್ದೆ ಅಂತ ಹರಡಿದ್ದು" ಅಂದರು, ಅಷ್ಟೇ.

ಮುನ್ಸೂಚನೆ ತಪ್ಪಾಗಿತ್ತೇ? ಇಲ್ಲ. ಬೇಸಿಗೆಯ ಗುಡುಗುಮೋಡ ಹುಟ್ಟುವುದೇ ಹಾಗೆ: ನೆಲ ಕಾದು, ತೇವದ ಗಾಳಿ ಮೇಲೇರಿ, ಕೆಲವೇ ಕಿಲೋಮೀಟರ್ ಅಗಲದ ಮೋಡವೊಂದು ಎದ್ದು, ಹೆಚ್ಚಿನ ಸಲ ಗಂಟೆಯೊಳಗೆ ಸುರಿದು ಸಾಯುತ್ತದೆ. ಅದು ಯಾರ ಅಂಗಳದ ಮೇಲೆ ಏಳುತ್ತದೆ ಎಂದು ಬೆಳಿಗ್ಗೆ ಎಂಟಕ್ಕೆ ಯಾವ ರೇಡಾರೂ ಹೇಳಲಾರದು. ಮುಂದಿನ ಮೂರು ಗಂಟೆಗೆ ಮಾತ್ರ ಅನ್ವಯಿಸುವ ಸೂಚನೆಯೊಂದು ಇಲಾಖೆಯಿಂದಲೇ ಬರುತ್ತದೆ. ಮಧ್ಯಾಹ್ನ ಅದನ್ನು ನೋಡಿದ್ದರೆ ಅಜ್ಜಿಗೆ ಫೋನ್ ಮಾಡಬಹುದಿತ್ತು. ನೋಡಲಿಲ್ಲ. ಸುಳ್ಳು ಇದ್ದದ್ದು ನನ್ನ "ಬರಲ್ಲ"ದಲ್ಲಿ. ಕಾಲುಭಾಗದ ಸಾಧ್ಯತೆಯನ್ನು ನಾನು ಸೊನ್ನೆ ಮಾಡಿದ್ದೆ.

ಆಮೇಲಿನ ವಾರ ಮಾಡಿದ್ದು ಇನ್ನೂ ಕೆಟ್ಟದ್ದು. ದಿನಾ "ಬರಬಹುದು ಅಜ್ಜಿ" ಎನ್ನತೊಡಗಿದೆ. ಐದು ದಿನ ಚೆಂದದ ಬಿಸಿಲು ಕಾಯಿತು. ಹಣ್ಣು ಮೂಟೆಯಲ್ಲೇ ಬೆವರಿತು. ನಾನು ಕಾಯುತ್ತಿದ್ದದ್ದು ಅವರ ಹುಣಸೆಯನ್ನಲ್ಲ, ನನ್ನ ಮುಖವನ್ನು. ಎಚ್ಚರಿಕೆಗಳಲ್ಲಿ ಇಂಥದ್ದೊಂದು ಜಾತಿಯಿದೆ: ಕೇಳುವವರಿಗಿಂತ ಹೇಳುವವರನ್ನೇ ಹೆಚ್ಚು ಕಾಪಾಡುವಂಥದ್ದು.

ಹಾಗಾದರೆ ಅತಿಯಾಗಿ ಎಚ್ಚರಿಸುವುದು ಯಾವಾಗಲೂ ತಪ್ಪೇ? 2023ರ ಮೇ 21ರ ಮಧ್ಯಾಹ್ನ ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಮಳೆನೀರಿಗೆ ಕಾರು ಮುಳುಗಿ 22 ವರ್ಷದ ಹುಡುಗಿಯೊಬ್ಬಳು ಸತ್ತಳು. 24 ಗಂಟೆಗಳಲ್ಲಿ 64.5 ಮಿಲಿಮೀಟರ್ ದಾಟಿದರೆ 'ಭಾರಿ ಮಳೆ' ಎಂಬುದು ನಮ್ಮ ಅಳತೆ. ಆದರೆ ಕಾಂಕ್ರೀಟಿನ ನಗರಕ್ಕೆ ದಿನದ ಲೆಕ್ಕ ತಿಳಿಯದು. ಅದರ ಅರ್ಧವೇ ಅರ್ಧ ಗಂಟೆಯಲ್ಲಿ ಸುರಿದರೆ ತಗ್ಗು ತುಂಬಿಕೊಳ್ಳುತ್ತದೆ. ಅಲ್ಲಿ ಸ್ಟೀರಿಂಗ್ ಹಿಡಿದವನಿಗೆ ಶೇಕಡಾವಾರು ಬೇಕಿಲ್ಲ, ಅಡ್ಡ ಒಂದು ಬ್ಯಾರಿಕೇಡ್ ಬೇಕು. ನೀರು ನಿಲ್ಲದ ಹತ್ತು ಮಳೆಗೆ ಅದನ್ನು ಎಳೆದಿಟ್ಟರೂ ಹೋಗುವುದು ಹತ್ತು ಸಲದ ಸುತ್ತು ಹಾದಿಯ ಸಮಯ.

ಅದನ್ನು ಸುಳ್ಳು ಎಚ್ಚರಿಕೆ ಎಂದು ಗೆಳೆಯನೊಬ್ಬ ವಾದಿಸಿದ. ನನಗೆ ಹಾಗನಿಸುವುದಿಲ್ಲ. ಬ್ಯಾರಿಕೇಡ್ "ನೀರು ಬರುತ್ತದೆ" ಎನ್ನುವುದಿಲ್ಲ, "ಇಳಿಯಬೇಡ" ಎನ್ನುತ್ತದೆ. ಒಂದು ವರದಿ, ಇನ್ನೊಂದು ಸಲಹೆ. ವರದಿಯನ್ನು ಆಕಾಶದ ಜೊತೆ ಒರೆಗೆ ಹಚ್ಚಬೇಕು. ಸಲಹೆಯನ್ನು, ಕೇಳುವವರು ಏನು ಕಳೆದುಕೊಳ್ಳಬಹುದು ಎಂಬುದರ ಜೊತೆ. "ಬರಲ್ಲ, ಹರಡಿ" ಎಂದಾಗ ಎರಡನ್ನೂ ಒಂದೇ ಉಸಿರಿಗೆ ಹೇಳಿದ್ದೆ, ಅದೂ ಆ ಮೂಟೆಗೆ ಎಷ್ಟು ಸಾಲ ಮಾಡಿದ್ದಾರೆಂದು ತಿಳಿಯದೆ. (ಕೇಳಿದ್ದು ಆಮೇಲೆ. ಹೇಳಲು ನಾಚಿಕೆಯಾಗುವಷ್ಟು ಆಮೇಲೆ.)

ಈ ಏಪ್ರಿಲ್‌ನಲ್ಲಿ ಮತ್ತೆ "ಒಂದೆರಡು ಕಡೆ" ಬಂತು. "ಇಂಥ ನಾಕು ದಿನ ಇದ್ರೆ ಒಂದಿನ ನಮ್ಮಲ್ಲಿ ಬರಬಹುದು ಅಜ್ಜಿ. ಮಧ್ಯಾಹ್ನ ಇನ್ನೊಂದ್ಸಲ ನೋಡಿ ಫೋನ್ ಮಾಡ್ತೀನಿ" ಅಂದೆ.

"ನೀನಾಗಿದ್ರೆ ಏನ್ ಮಾಡ್ತಿದ್ದೆ?"

"ಗೊತ್ತಿಲ್ಲ ಅಜ್ಜಿ. ಹಣ್ಣು ನಂದಲ್ಲ."

ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಅರ್ಧ ಮಾತ್ರ ಹರಡಿದರು. ಅವತ್ತು ಮಳೆ ಬರಲಿಲ್ಲ.