ಮೂರು ನಿಮಿಷದ ಬೇಸರ

1994ರ ಫೆಬ್ರವರಿ 1ರಂದು ಗ್ರೀನ್ ಡೇ ಎಂಬ ಮೂವರ ತಂಡ 'ಡೂಕಿ' ಆಲ್ಬಂ ಹೊರತಂದಾಗ ಮೂವರಿಗೂ 21 ವರ್ಷ. ಅಲ್ಲಿಯವರೆಗೆ ಅಮೆರಿಕದ ಪಂಕ್ ರಾಕ್ ಬಹುಮಟ್ಟಿಗೆ ಸಣ್ಣ ಕ್ಲಬ್ಬುಗಳಲ್ಲಿ, ಕೈಯಿಂದ ಕೈಗೆ ದಾಟುವ ಪತ್ರಿಕೆಗಳಲ್ಲಿ, ಗ್ಯಾರೇಜಿನಿಂದ ನಡೆಯುವ ರೆಕಾರ್ಡ್ ಕಂಪನಿಗಳಲ್ಲಿ ಬದುಕಿಕೊಂಡಿತ್ತು. 'ಡೂಕಿ' ಬಂದ ವರ್ಷದೊಳಗೆ ಅದು ಎಂಟಿವಿಯ ನಿತ್ಯದ ಸರಕಾಯಿತು. ಆಲ್ಬಂ ಬಿಲ್‌ಬೋರ್ಡ್ ಪಟ್ಟಿಯ ಎರಡನೇ ಸ್ಥಾನದವರೆಗೆ ಏರಿತು, ಮರುವರ್ಷ ಗ್ರ್ಯಾಮಿ ಪಡೆಯಿತು, ಅಮೆರಿಕವೊಂದರಲ್ಲೇ ಕೋಟಿ ಪ್ರತಿಗಳ ಗಡಿ ದಾಟಿತು. 2024ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ಅದನ್ನು ದೇಶ ಉಳಿಸಿಕೊಳ್ಳಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು. ಯಶಸ್ಸಿನ ಕತೆಯಾಗಿ ಇದರಲ್ಲಿ ಅಂಥ ವಿಶೇಷವಿಲ್ಲ. ಜನಪ್ರಿಯ ಸಂಗೀತದಲ್ಲಿ ಕೋಟಿ ಮಾರಿ ಮರೆತುಹೋದವರು ಬೇಕಾದಷ್ಟು ಮಂದಿ. ಬಗೆಹರಿಯದೆ ಉಳಿಯುವುದು ಬೇರೆಯದು. ಈ ಹಾಡುಗಳ ವಸ್ತು ತೀರಾ ಕ್ಷುಲ್ಲಕ: ಬೋರು ಹೊಡೆಯುವ ಮಧ್ಯಾಹ್ನ, ಕಾರಣ ಹೇಳಲಾಗದ ಹೆದರಿಕೆ, ಕೆಲಸವಿಲ್ಲದ ಹುಡುಗನ ಸೋಮಾರಿತನ, ಗೆಳತಿಯ ಜೊತೆಗಿನ ಪುಟ್ಟ ಜಗಳ. ಹಾಡುವವರಿಗೆ ಇಪ್ಪತ್ತೈದು ತುಂಬುವಷ್ಟರಲ್ಲಿ ಹಳಸಬೇಕಾಗಿದ್ದ ಸಾಮಗ್ರಿ ಇದು. ಮೂವತ್ತು ವರ್ಷ ಕಳೆದರೂ ಯಾಕೆ ಹಳಸಿಲ್ಲ?

ಪಂಕ್ ಎಂದೊಡನೆ ಸಿದ್ಧವಾಗಿರುವ ಉತ್ತರ ಪ್ರತಿಭಟನೆ. 1977ರಲ್ಲಿ ಲಂಡನ್ನಿನ ಸೆಕ್ಸ್ ಪಿಸ್ಟಲ್ಸ್ ರಾಣಿಯ ಬೆಳ್ಳಿಹಬ್ಬದ ಸಂಭ್ರಮದ ಮೇಲೆಯೇ ಉಗಿದರು. 1979ರ ಕೊನೆಯಲ್ಲಿ ದಿ ಕ್ಲ್ಯಾಶ್ ತಂಡ ಅಣು ಅಪಘಾತವನ್ನೂ ಉಕ್ಕಿ ಬರಲಿರುವ ಥೇಮ್ಸ್ ನದಿಯನ್ನೂ ಒಂದೇ ಹಾಡಿನಲ್ಲಿ ಕಂಡಿತು. ಅವರಿಗೆಲ್ಲ ಎದುರಾಳಿಗಳಿದ್ದರು. 'ಡೂಕಿ'ಯಲ್ಲಿ ಹೆಸರಿಸಬಹುದಾದ ಎದುರಾಳಿಯೇ ಇಲ್ಲ. ಅದರ ಮೊದಲ ಸಿಂಗಲ್ 'ಲಾಂಗ್‌ವ್ಯೂ' ಕೇಳಿ. ಒಬ್ಬ ಹುಡುಗ ಮನೆಯಲ್ಲಿ ಸೋಫಾದ ಮೇಲೆ ಬಿದ್ದುಕೊಂಡಿದ್ದಾನೆ, ಟಿ.ವಿ. ಓಡುತ್ತಿದೆ, ನೋಡುವಂಥದ್ದೇನೂ ಇಲ್ಲ, ತನ್ನ ದೇಹದೊಡನೆ ಆಡುವ ಆಟವೂ ರುಚಿ ಕಳೆದುಕೊಳ್ಳುತ್ತಿದೆ. ಚರಣಗಳಲ್ಲಿ ಗಿಟಾರ್ ಇಲ್ಲ. ಮೈಕ್ ಡರ್ಂಟ್‌ನ ಬೇಸ್ ಒಂದೇ ಸುತ್ತನ್ನು ಸುತ್ತುತ್ತಿರುತ್ತದೆ, ಕೆಳಗೆ ಟ್ರೇ ಕೂಲ್‌ನ ಡ್ರಮ್ಸ್ ಉರುಳುತ್ತಿರುತ್ತದೆ. ಪಲ್ಲವಿ ಬಂದಾಗ ಗಿಟಾರ್ ಸಿಡಿಯುತ್ತದೆ. ಇನ್ನೇನು ಹುಡುಗ ಎದ್ದು ಬಾಗಿಲು ಒದ್ದು ಹೊರಟ ಎನ್ನಿಸುತ್ತದೆ. ಎಲ್ಲಿಗೂ ಹೊರಡುವುದಿಲ್ಲ. ಸಿಡಿತ ಮುಗಿದೊಡನೆ ಅದೇ ಬೇಸ್, ಅದೇ ಸುತ್ತು, ಅದೇ ಸೋಫಾ. ಕೂಗಿದ್ದರಿಂದ ಏನೂ ಬದಲಾಗಲಿಲ್ಲ ಎಂಬ ಸಂಗತಿಯನ್ನು ಮಾತಿಗಿಂತ ಮೊದಲು ಹಾಡಿನ ಕಟ್ಟಡವೇ ಹೇಳಿಬಿಡುತ್ತದೆ. ಇದನ್ನು ಬಂಡಾಯ ಎನ್ನುವುದು ಆ ಪದಕ್ಕೂ ಈ ಹಾಡಿಗೂ ಮಾಡುವ ಅನ್ಯಾಯ.

ನಮ್ಮ ಅಲಂಕಾರಶಾಸ್ತ್ರ ಇಂಥ ಭಾವಗಳಿಗೆ ಒಂದು ಜಾಗ ಗೊತ್ತುಮಾಡಿದೆ. ಭರತನ ಪಟ್ಟಿಯ ಮೂವತ್ತಮೂರು ಸಂಚಾರೀಭಾವಗಳಲ್ಲಿ ಆಲಸ್ಯವಿದೆ, ಜಡತೆಯಿದೆ, ಚಿಂತೆ, ಶಂಕೆ, ತ್ರಾಸ, ಮದ, ಉನ್ಮಾದಗಳಿವೆ. 'ಡೂಕಿ'ಯ ಒಳಸರಕಿನ ಯಾದಿಯನ್ನು ಯಾರೋ ಎರಡು ಸಾವಿರ ವರ್ಷ ಮೊದಲೇ ಬರೆದಿಟ್ಟಂತಿದೆ. ಆದರೆ ಶಾಸ್ತ್ರದ ಮುಖ್ಯಧಾರೆಯ ಪ್ರಕಾರ ಇವು ಬಂದುಹೋಗುವ ಭಾವಗಳು. ರತಿ, ಶೋಕ, ಕ್ರೋಧ, ಉತ್ಸಾಹದಂಥ ಯಾವುದಾದರೂ ಸ್ಥಾಯಿಯ ಸೇವೆಗೆ ನಿಂತಾಗ ಮಾತ್ರ ಅವಕ್ಕೆ ಬೆಲೆ. ಸ್ವಂತ ಬಲದ ಮೇಲೆ ಅವು ರಸವಾಗಲಾರವು. ವಿರಹಿಯ ಚಿಂತೆ ಶೃಂಗಾರಕ್ಕೆ ಸಲ್ಲುತ್ತದೆ, ಸೋತ ವೀರನ ಜಡತೆ ಕರುಣಕ್ಕೆ. ಯಾವುದಕ್ಕೂ ಸಲ್ಲದ ಚಿಂತೆಯನ್ನು ಏನು ಮಾಡುವುದು? ಆಸ್ವಾದಿಸಲು ಬಂದರೆ ನಿರ್ವೇದ ಮೊದಲಾದವೂ ರಸವೇ ಎಂದು ರುದ್ರಟನೊಬ್ಬ ವಾದಿಸಿದ. ಪರಂಪರೆ ಅವನ ಮಾತನ್ನು ಹೆಚ್ಚು ಹಚ್ಚಿಕೊಳ್ಳಲಿಲ್ಲ. ನನಗೆ ಅವನ ಪರವಾಗಿ ಒಂದು ಸಾಕ್ಷಿ ಸಿಕ್ಕಿದೆ ಅನ್ನಿಸುತ್ತದೆ. 'ಡೂಕಿ' ಸಂಚಾರಿಗಳನ್ನು ಸಂಚಾರಿಗಳಾಗಿಯೇ ಹಾಡಿತು. ಬೇಸರವನ್ನು ಸಮಾಜದ ಅವನತಿಯ ಲಕ್ಷಣವೆಂದು ಹಿಗ್ಗಿಸಲಿಲ್ಲ, ಹೆದರಿಕೆಯನ್ನು ದುರಂತದ ಎತ್ತರಕ್ಕೆ ಏರಿಸಲಿಲ್ಲ. ಅವು ಇರುವಷ್ಟೇ ಗಾತ್ರದಲ್ಲಿ ಇರಗೊಟ್ಟು, ಆ ಗಾತ್ರಕ್ಕೆ ಕರಾರುವಾಕ್ಕಾಗಿ ಒಪ್ಪುವ ಒಂದು ರೂಪ ಹುಡುಕಿತು. ಅದರ ಬಾಳಿಕೆಯ ಗುಟ್ಟು ಆ ಅಳತೆಯಲ್ಲಿದೆ ಎಂಬುದು ನನ್ನ ವಾದ.

ರೂಪ ಅವರ ಸ್ವಂತ ಶೋಧವೇನಲ್ಲ. 1976ರಲ್ಲಿ ನ್ಯೂಯಾರ್ಕಿನ ರಾಮೋನ್ಸ್ ಹದಿನಾಲ್ಕು ಹಾಡುಗಳನ್ನು ಅರ್ಧ ಗಂಟೆಯೊಳಗೆ ಮುಗಿಸಿ ತೋರಿಸಿದ್ದರು. ಗ್ರೀನ್ ಡೇ ಆ ಚುಟುಕುತನಕ್ಕೆ ಮಾಧುರ್ಯ ಸೇರಿಸಿತು. 'ಬ್ಯಾಸ್ಕೆಟ್ ಕೇಸ್' ಮೂರು ನಿಮಿಷದ ಹಾಡು. ತಂಡದ ಹಾಡುಗಾರ ಬಿಲ್ಲಿ ಜೋ ಆರ್ಮ್‌ಸ್ಟ್ರಾಂಗ್ ತನ್ನನ್ನು ಕಾಡುತ್ತಿದ್ದ ಗಾಬರಿಯ ಕುರಿತು ಬರೆದದ್ದು. ಅದಕ್ಕೆ ಪ್ಯಾನಿಕ್ ಡಿಸಾರ್ಡರ್ ಎಂಬ ವೈದ್ಯಕೀಯ ಹೆಸರಿದೆಯೆಂದು ಅವನಿಗೆ ತಿಳಿದದ್ದು ಆಮೇಲೆ. ಹಾಡುವವನು ಮೊದಲಿಗೆ ತನ್ನ ಗೋಳು ಕೇಳಲು ಪುರುಸೊತ್ತಿದೆಯೇ ಎಂದು ವಿಚಾರಿಸುತ್ತಾನೆ. ಆಮೇಲೆ ತನಗೆ ಹಿಡಿದಿರುವುದು ಶಂಕೆಯೋ ಮದವೋ ಎಂದು ತನ್ನನ್ನೇ ಕೇಳಿಕೊಳ್ಳುತ್ತಾನೆ, ಉತ್ತರ ಸಿಗುವುದಿಲ್ಲ. ಮನಸ್ಸು ಇಷ್ಟು ಚೆಲ್ಲಾಪಿಲ್ಲಿಯಾಗಿದ್ದರೂ ಸಂಗೀತದಲ್ಲಿ ಒಂದು ಎಳೆಯೂ ಸಡಿಲವಾಗಿಲ್ಲ. ಮೊದಲ ಚರಣದುದ್ದಕ್ಕೂ ಅದುಮಿ ಹಿಡಿದ ಗಿಟಾರ್ ಮತ್ತು ಕಂಠ ಮಾತ್ರ. ಬೇಸ್ ಮತ್ತು ಡ್ರಮ್ಸ್ ತಡೆದು ತಡೆದು ಕೊನೆಗೆ ನುಗ್ಗುತ್ತವೆ. ಸ್ವರಮೇಳಗಳ ನಡೆಯಂತೂ ಹದಿನೇಳನೆಯ ಶತಮಾನದ ಜರ್ಮನ್ ವಾಗ್ಗೇಯಕಾರ ಪಾಖೆಲ್‌ಬೆಲ್‌ನ ಪ್ರಸಿದ್ಧ 'ಕ್ಯಾನನ್' ಅನ್ನು ಹೋಲುತ್ತದೆ. ಪಶ್ಚಿಮದ ಮದುವೆಮನೆಗಳಲ್ಲಿ ನುಡಿಸುವ ಆ ಶಾಂತ ಕೃತಿಯ ಅಡಿಪಾಯದ ಮೇಲೆ ಹುಚ್ಚು ಹಿಡಿಯುತ್ತಿದೆ ಎಂದು ಹೆದರಿದವನ ಮಾತು ನಿಂತಿದೆ. ಒಳಗಿನ ಗೊಂದಲಕ್ಕೂ ಹೊರಗಿನ ಅಚ್ಚುಕಟ್ಟಿಗೂ ನಡುವಿನ ಈ ಅಂತರದಲ್ಲಿ ಕೇಳುಗನಿಗೆ ನಿಲ್ಲಲು ಜಾಗ ಸಿಗುತ್ತದೆ. ಗಾಬರಿಯ ಒಳಗೂ ಇದ್ದು, ಅದನ್ನು ನೋಡಿ ನಗಲೂ ಆಗುವ ಜಾಗ ಅದು. ಮತ್ತೆ ಮೂರು ನಿಮಿಷಕ್ಕೆ ಹಾಡು ಮುಗಿಯುತ್ತದೆ. ಇದೇ ಹೆದರಿಕೆಯನ್ನು ಹತ್ತು ನಿಮಿಷ ಎಳೆದಿದ್ದರೆ ಅದು ತನ್ನನ್ನು ತಾನು ಗಂಭೀರವಾಗಿ ತೆಗೆದುಕೊಳ್ಳಲು ತೊಡಗಿ, ಸ್ವಾನುಕಂಪದ ಕೆಸರಿಗೆ ಇಳಿಯುತ್ತಿತ್ತು.

ಇದೆಲ್ಲ ರಸಿಕನ ಕಟ್ಟುಕತೆ, ಬಾಳಿಕೆಗೆ ನಿಜವಾದ ಕಾರಣ ಹಣ ಎನ್ನುವವರಿದ್ದಾರೆ. ಅವರ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಗ್ರೀನ್ ಡೇ ಬೆಳೆದದ್ದು ಬರ್ಕ್ಲಿಯ 924 ಗಿಲ್‌ಮನ್ ಸ್ಟ್ರೀಟಿನ ಕ್ಲಬ್ಬಿನಲ್ಲಿ. ಅದು ಸ್ವಯಂಸೇವಕರು ನಡೆಸುವ ತಾಣ. ಅಲ್ಲಿ ಮದ್ಯವಿಲ್ಲ, ಹೊಡೆದಾಟವಿಲ್ಲ, ದೊಡ್ಡ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡ ತಂಡಗಳಿಗೆ ವೇದಿಕೆಯಿಲ್ಲ. 1993ರಲ್ಲಿ ವಾರ್ನರ್ ಬಳಗದ ರಿಪ್ರೈಸ್ ಕಂಪನಿ ಸೇರಿದ ಗ್ರೀನ್ ಡೇಗೆ ಆ ಬಾಗಿಲು ಮುಚ್ಚಿತು. ಗಿಲ್‌ಮನ್‌ನ ಜನ ಕೇವಲ ಮಡಿವಂತರಾಗಿರಲಿಲ್ಲ. ಹಾಡನ್ನು ಯಾರು, ಎಷ್ಟಕ್ಕೆ, ಯಾರಿಗೆ ಮಾರುತ್ತಾರೆ ಎಂಬುದೂ ಹಾಡಿನ ಅರ್ಥದ ಭಾಗವೆಂದು ಅವರು ನಂಬಿದ್ದರು, ಆ ನಂಬಿಕೆಗೆ ಬೆಲೆ ತೆರಲು ತಯಾರಿದ್ದರು. ದೊಡ್ಡ ಕಂಪನಿ, ಎಂಟಿವಿ, ನಿರ್ವಾಣ ತಂಡ ಆಗಷ್ಟೇ ತೆರೆದಿಟ್ಟಿದ್ದ ಮಾರುಕಟ್ಟೆ, ಇವಿಲ್ಲದೆ 'ಡೂಕಿ' ಕೋಟಿ ಮನೆ ತಲುಪುತ್ತಿರಲಿಲ್ಲ ಎಂಬುದನ್ನು ಒಪ್ಪಲೇಬೇಕು. ಆದರೆ ಒಂದು ಪರೀಕ್ಷೆ ನಮ್ಮ ಕಣ್ಣೆದುರೇ ನಡೆದಿದೆ. ಮರುವರ್ಷ, 1995ರ ಅಕ್ಟೋಬರಿನಲ್ಲಿ, ಅದೇ ತಂಡ, ಅದೇ ಕಂಪನಿ, ಅದೇ ನಿರ್ಮಾಪಕ ರಾಬ್ ಕವಾಲೊ 'ಇನ್‌ಸಾಮ್ನಿಯಾಕ್' ತಂದರು. ಹೆಸರೂ ಹಣವೂ ಪ್ರಚಾರವೂ ಈಗ ಮೊದಲಿಗಿಂತ ಹೆಚ್ಚೇ ಇತ್ತು. ಆಲ್ಬಂ ಚೆನ್ನಾಗಿಯೇ ಇದೆ. ಗಿಲ್‌ಮನ್‌ನಿಂದ ಹೊರಬಿದ್ದ ಕಹಿಯೂ ಅದರ ಒಂದು ಹಾಡಿಗೆ ವಸ್ತುವಾಗಿದೆ. ಮಾರಾಟ ಮಾತ್ರ ಹಿಂದಿನದರ ಹತ್ತಿರಕ್ಕೂ ಸುಳಿಯಲಿಲ್ಲ, ಇವತ್ತಿಗೂ ಅದು ಕಟ್ಟಾ ಅಭಿಮಾನಿಗಳ ಆಲ್ಬಂ. ಅಲ್ಲಿ ನಗು ಕಡಿಮೆ, ಕತ್ತಲೆ ಹೆಚ್ಚು. ಬೇಸರ ಅಲ್ಲಿ ತನ್ನ ಗಾತ್ರ ಮೀರಿ ಊದಿಕೊಂಡಿದೆ. ಹಣ ಹಾಡನ್ನು ಬಾಗಿಲವರೆಗೆ ತಂದು ನಿಲ್ಲಿಸೀತು, ಮೂವತ್ತು ವರ್ಷ ಒಳಗೆ ಇರಿಸಿಕೊಳ್ಳುವುದು ಮನೆಯವರ ಇಷ್ಟ. ಅಂದಹಾಗೆ 2015ರಲ್ಲಿ ಒಂದು ಸಹಾಯಾರ್ಥ ಕಾರ್ಯಕ್ರಮಕ್ಕೆ ಗಿಲ್‌ಮನ್ ಅವರಿಗೆ ಮತ್ತೆ ಬಾಗಿಲು ತೆರೆಯಿತು.

ಹಳೆಯ ನೆನಪಿನ ಸೆಳೆತ ಎಂಬ ವಿವರಣೆ ಹಣದ ವಾದಕ್ಕಿಂತ ತೆಳು. ನೆನಪಿನ ವ್ಯಾಪಾರ ನಡೆಯುತ್ತಿರುವುದು ನಿಜ. 2024ರಲ್ಲಿ ಈ ಹಾಡುಗಳನ್ನು ಹಾಡುವ ಗೊಂಬೆಮೀನಿನಲ್ಲಿ, ಹಲ್ಲುಜ್ಜುವ ಬ್ರಷ್ಷಿನಲ್ಲಿ, ಮೇಣದ ಸಿಲಿಂಡರಿನಲ್ಲಿ ತುಂಬಿಸಿ ಮಾರಿದರು. ಆದರೆ ಅದೇ ವರ್ಷದ ಅವರ ಪ್ರವಾಸದಲ್ಲಿ ಮೊದಲು ವೇದಿಕೆ ಏರುತ್ತಿದ್ದ ದಿ ಲಿಂಡಾ ಲಿಂಡಾಸ್ ತಂಡದ ಹುಡುಗಿಯರು 'ಡೂಕಿ' ಬಂದು ಎಷ್ಟೋ ವರ್ಷದ ಮೇಲೆ ಹುಟ್ಟಿದವರು. 2025ರ ಮಾರ್ಚಿನಲ್ಲಿ ಮುಂಬೈನ ಮಹಾಲಕ್ಷ್ಮಿ ರೇಸ್‌ಕೋರ್ಸಿನ ಲೊಲ್ಲಪಲೂಜಾ ಉತ್ಸವಕ್ಕೆ ಗ್ರೀನ್ ಡೇ ಬಂದಾಗ ನೆರೆದ ಜನಕ್ಕೆ ತೊಂಬತ್ತರ ದಶಕದ ಕ್ಯಾಲಿಫೋರ್ನಿಯಾದ ನೆನಪು ಎಲ್ಲಿಂದ ಬರಬೇಕು?

ನನಗೆ ಹೆಚ್ಚು ಕಷ್ಟ ಕೊಡುವ ಆಕ್ಷೇಪಣೆ ಬೇರೆ. ಬೇಸರವೆಂಬುದು ಹೊಟ್ಟೆ ತುಂಬಿದವರ ಸೊತ್ತು, ಸೋಫಾ ಮತ್ತು ಟಿ.ವಿ. ಇದ್ದವನಿಗೆ ಮಾತ್ರ ಬರುವ ಕಾಯಿಲೆ. ಪಂಕ್‌ನ ಸಿಟ್ಟನ್ನು ಬಿಳಿಯ ಹುಡುಗರ ಉಪನಗರದ ಆಕಳಿಕೆಗೆ ಇಳಿಸಿದ್ದು ಒಂದು ಬಗೆಯ ರಾಜಕೀಯ ಪಲಾಯನ. ಇದರಲ್ಲಿ ಸತ್ಯಾಂಶವಿದೆ, 'ಡೂಕಿ' ಯಾರ ಪರವಾಗಿಯೂ ನಿಲ್ಲುವುದಿಲ್ಲ. ಆದರೆ ಬೇಸರದ ಸಮಾಜಶಾಸ್ತ್ರ ಇಲ್ಲಿ ತಪ್ಪಿದೆ. ಆರ್ಮ್‌ಸ್ಟ್ರಾಂಗ್ ಬೆಳೆದ ರೋಡಿಯೊ ಎಣ್ಣೆ ಶುದ್ಧೀಕರಣ ಘಟಕದ ನೆರಳಿನ ಊರು. ಲಾರಿ ಓಡಿಸುತ್ತಿದ್ದ ತಂದೆ ಅವನ ಹತ್ತನೇ ವಯಸ್ಸಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು, ತಾಯಿ ಹೋಟೆಲಿನಲ್ಲಿ ಊಟ ಬಡಿಸುವ ಕೆಲಸದಲ್ಲಿದ್ದರು. 'ವೆಲ್‌ಕಮ್ ಟು ಪ್ಯಾರಡೈಸ್' ಹಾಡು ಮನೆ ಬಿಟ್ಟು ವೆಸ್ಟ್ ಓಕ್ಲೆಂಡಿನ ಹಳೆಯ ಗೋದಾಮಿನಲ್ಲಿ ಬದುಕಿದ ದಿನಗಳದ್ದು. ಎಲ್ಲವೂ ಇದ್ದು ಏನೂ ಬೇಡವಾದವನ ಬೇಸರ ಒಂದು. ಮಾಡಲು ಏನೂ ಇಲ್ಲದ, ಹೋಗಲು ಎಲ್ಲಿಯೂ ಇಲ್ಲದ, ಕರೆಯುವವರೂ ಇಲ್ಲದವನ ಬೇಸರ ಇನ್ನೊಂದು. ಕೆಲಸಕ್ಕೆ ಅರ್ಜಿ ಹಾಕಿ ಕಾಯುತ್ತ ಕೂತವರು ಎರಡನೆಯದನ್ನು ಚೆನ್ನಾಗಿ ಬಲ್ಲರು. ತತ್ತ್ವಜ್ಞಾನಿ ಹೈಡೆಗರ್ 1929-30ರ ತನ್ನ ಉಪನ್ಯಾಸಗಳಲ್ಲಿ ಸಣ್ಣ ನಿಲ್ದಾಣವೊಂದರಲ್ಲಿ ರೈಲಿಗೆ ಕಾಯುವವನ ಬೇಸರದಿಂದ ಹೊರಟು ಮನುಷ್ಯನ ಅಸ್ತಿತ್ವದ ತಳದವರೆಗೆ ಹೋಗುತ್ತಾನೆ. ಭವ್ಯವಾದ ಚಿಂತನೆ, ಸಂಶಯವಿಲ್ಲ. ಆದರೆ ತಳ ಮುಟ್ಟುವ ಹೊತ್ತಿಗೆ ನಿಲ್ದಾಣದಲ್ಲಿ ಕಾಯುತ್ತಿದ್ದ ಮನುಷ್ಯ ನಮ್ಮ ಕಣ್ಣಿಂದ ಮರೆಯಾಗಿರುತ್ತಾನೆ. 'ಲಾಂಗ್‌ವ್ಯೂ' ಅವನನ್ನು ಬಿಟ್ಟು ಕದಲುವುದಿಲ್ಲ. ಬೇಸರಕ್ಕೆ ಅರ್ಥ ಹಚ್ಚದೆ ಅದರ ಪಕ್ಕದಲ್ಲಿ ಕೂತಿರುವುದು ಪಲಾಯನವೆಂದು ನನಗೆ ಅನ್ನಿಸುವುದಿಲ್ಲ.

ಐವತ್ತು ದಾಟಿದ ಕೋಟ್ಯಧೀಶರು ಇಪ್ಪತ್ತರ ನಿರುದ್ಯೋಗಿಯ ಹಾಡು ಹಾಡುವುದು ನಗೆಪಾಟಲಲ್ಲವೇ ಎಂದೂ ಕೇಳಬಹುದು. ಸೆಕ್ಸ್ ಪಿಸ್ಟಲ್ಸ್ 1996ರಲ್ಲಿ ಮತ್ತೆ ಒಂದಾಗಿ ಊರೂರು ತಿರುಗಿದಾಗ ಆ ಪ್ರಶ್ನೆ ಅವರನ್ನು ಚುಚ್ಚಿತು. ಪ್ರವಾಸಕ್ಕೆ 'ಫಿಲ್ತಿ ಲ್ಯೂಕರ್', ಅಂದರೆ ಹೊಲಸು ದುಡ್ಡು, ಎಂದು ತಾವೇ ಹೆಸರಿಟ್ಟು ಅವರು ಟೀಕಾಕಾರರಿಗಿಂತ ಮೊದಲೇ ತಮ್ಮನ್ನು ಗೇಲಿ ಮಾಡಿಕೊಳ್ಳಬೇಕಾಯಿತು. ಅವರ ಸಿಟ್ಟಿಗೆ ಕೇಳುಗ ಬೇಡುವ ಪ್ರಮಾಣಪತ್ರ ಒಂದೇ, ಅದು ಇವತ್ತೂ ನಿಜವಾಗಿರಬೇಕು ಎಂಬುದು. 'ಬ್ಯಾಸ್ಕೆಟ್ ಕೇಸ್' ಅಂಥ ಪ್ರಮಾಣ ಕೊಟ್ಟಿರಲೇ ಇಲ್ಲ. 21ರ ಹುಡುಗ ಅದನ್ನು ಹಾಡಿದಾಗಲೇ ಅರ್ಧ ವೇಷ ಹಾಕಿದ್ದ: ಗೋಳನ್ನು ಗೋಳೆಂದು ಕರೆದು, ಕ್ಷಮೆ ಕೇಳುವ ದನಿಯಲ್ಲಿ ಶುರುಮಾಡಿದ್ದ. ಅಭಿನವಗುಪ್ತನ ಸಾಧಾರಣೀಕರಣಕ್ಕೆ ಈ ಹಾಸ್ಯವೇ ದಾರಿ. ಭಾವ ಅದರ ಒಡೆಯನಿಂದ ಬಿಡಿಸಿಕೊಂಡು ಯಾರದ್ದೂ ಆಗುತ್ತದೆ, ಐವತ್ತರ ಹಾಡುಗಾರನದ್ದೂ ಸೇರಿ. ಕಾರಣವಿಲ್ಲದ ಗಾಬರಿ ಹೇಗೂ ವಯಸ್ಸು ನೋಡಿ ಬರುವಂಥದ್ದಲ್ಲ.

ಈ ವಾದಕ್ಕೆ ಮಿತಿ ಎಲ್ಲಿದೆಯೆಂದು ಗ್ರೀನ್ ಡೇ ತಂಡವೇ ತೋರಿಸಿಕೊಟ್ಟಿದೆ. 2004ರಲ್ಲಿ, ಇರಾಕ್ ಯುದ್ಧದ ನಡುವೆ, ದೇಶದ ಬಗ್ಗೆ ಮಾತನಾಡಬೇಕೆನಿಸಿದಾಗ ಅವರಿಗೆ ಹಳೆಯ ಅಳತೆ ಸಾಲಲಿಲ್ಲ. 'ಅಮೆರಿಕನ್ ಈಡಿಯಟ್' ಆಲ್ಬಮ್ಮಿನಲ್ಲಿ ಕಥಾನಕ ಬಂತು, ಪಾತ್ರಗಳು ಬಂದವು, ಒಂಬತ್ತು ನಿಮಿಷ ನಡೆಯುವ ಹಾಡು ಬಂತು. ಕ್ರೋಧ ಸ್ಥಾಯಿಯಾಗುತ್ತಲೇ ರೂಪವೂ ಹಿಗ್ಗಿತು. ಆ ಆಲ್ಬಮ್ಮೂ ಉಳಿದಿದೆ, ಆದರೆ ಉಳಿದಿರುವ ಬಗೆ ಬೇರೆ. 2023ರ ಕೊನೆಯ ರಾತ್ರಿ ಟಿ.ವಿ.ಯ ಹೊಸವರ್ಷದ ಕಾರ್ಯಕ್ರಮದಲ್ಲಿ ಅದರ ಶೀರ್ಷಿಕೆ ಹಾಡನ್ನು ಹಾಡುವಾಗ ಆರ್ಮ್‌ಸ್ಟ್ರಾಂಗ್ ಒಂದು ಸಾಲನ್ನು ತಿದ್ದಿ ಟ್ರಂಪ್ ಬೆಂಬಲಿಗರತ್ತ ಗುರಿಯಿಟ್ಟ; ದೊಡ್ಡ ಗದ್ದಲವಾಯಿತು. ತಿದ್ದಿದ್ದು ಸರಿಯೇ, ಎದುರಾಳಿ ಬದಲಾದಾಗ ರಾಜಕೀಯದ ಹಾಡು ತನ್ನನ್ನು ತಿದ್ದಿಕೊಳ್ಳದಿದ್ದರೆ ಸ್ಮಾರಕವಾಗಿಬಿಡುತ್ತದೆ. 2024ರ ಪ್ರವಾಸದಲ್ಲಿ ಎರಡೂ ಆಲ್ಬಮ್ಮುಗಳನ್ನು ಒಂದೇ ಸಂಜೆ ಆದಿಯಿಂದ ಅಂತ್ಯದವರೆಗೆ ನುಡಿಸಿದರು. ಆಗಿನ ಅಧ್ಯಕ್ಷ ಬುಷ್ ಯಾರೆಂದು ಗೊತ್ತಿಲ್ಲದ ಕೇಳುಗನಿಗೆ ಎರಡನೆಯದರ ಸಿಟ್ಟನ್ನು ಬಿಡಿಸಿ ಹೇಳಲು ಪಕ್ಕದಲ್ಲಿ ಯಾರಾದರೂ ಬೇಕಾಗುತ್ತದೆ. ಮೊದಲನೆಯದಕ್ಕೆ ಅಂಥ ವ್ಯಾಖ್ಯಾನಕಾರನ ಅಗತ್ಯ ಇನ್ನೂ ಬಿದ್ದಿಲ್ಲ.