*ಇಂದಿನ ಧಮ್ಮ ಚಿಂತನೆ: ಕೊನೆಯ ದಿನದ ನೋಟ*



ಮಂಡ್ಯ, ಮದ್ದೂರು, ಮಳವಳ್ಳಿಯ ಧಮ್ಮ ಬಂಧುಗಳೇ,

ಪ್ರವಾಸದ ಕೊನೆಯ ದಿನ ನಮ್ಮ ಮನಸ್ಸು ಹೇಗಿರುತ್ತದೆ, ಗಮನಿಸಿದ್ದೀರಾ? ಮೊದಲ ದಿನ ಕಂಡದ್ದಕ್ಕೆಲ್ಲ ಖುಷಿ. ಕೊನೆಯ ದಿನ ಕಾಣದೆ ಉಳಿದದ್ದರದೇ ಚಿಂತೆ.

ಒಮ್ಮೆ ಬೇಸಿಗೆ ರಜೆಯಲ್ಲಿ ಮಳವಳ್ಳಿಯಿಂದ ಟೆಂಪೋ ಟ್ರಾವೆಲರ್ ಮಾಡಿಕೊಂಡು ಮನೆಮಂದಿಯೆಲ್ಲ ಮಂಗಳೂರಿಗೆ ಹೋಗಿದ್ದೆವು. ಪಣಂಬೂರು, ಉಳ್ಳಾಲ, ಸುಲ್ತಾನ್ ಬತ್ತೇರಿ ನೋಡಿದ್ದಾಯಿತು. ಕೊನೆಯ ದಿನಕ್ಕೆಂದು ನಾನು ಉಳಿಸಿಕೊಂಡಿದ್ದು ಕದ್ರಿ.

ಕದ್ರಿ ಮಂಜುನಾಥ ದೇವಸ್ಥಾನದಲ್ಲಿ ಮೂರು ಮುಖ, ಆರು ಕೈಗಳ ಲೋಕೇಶ್ವರನ ಕಂಚಿನ ಮೂರ್ತಿ ಇದೆ. ಪೀಠದ ಮೇಲೆ ಕ್ರಿ.ಶ. 968ರ ಶಾಸನ. ಆಳುಪ ದೊರೆ ಕುಂದವರ್ಮ ಕದರಿಕಾ ವಿಹಾರದಲ್ಲಿ ಲೋಕೇಶ್ವರನನ್ನು ಪ್ರತಿಷ್ಠಾಪಿಸಿದ ಎಂದು ಅದು ಹೇಳುತ್ತದೆ. 'ವಿಹಾರ' ಎಂಬ ಮಾತು ಓದಿದಾಗಿನಿಂದ ನನಗೆ ಒಂದೇ ಹಟ. ಅಲ್ಲಿಗೆ ಹೋಗಬೇಕು, "ಇದು ನಮ್ಮದು" ಎಂದು ಸ್ಟೇಟಸ್ ಹಾಕಬೇಕು.

ಕೊರಿಯಾದ ಬುಸಾನ್ ನಗರದಲ್ಲಿ ಕಡಲ ಬಂಡೆಗಳ ಮೇಲೆಯೇ ಹೇಡಾಂಗ್ ಯೊಂಗ್‌ಗುಂಗ್ಸಾ ಎಂಬ ಬೌದ್ಧ ದೇವಾಲಯವಿದೆ. ಅಲ್ಲಿಗೆ ಹೋದ ಬೌದ್ಧನಿಗೆ ಕೈ ಮುಗಿಯಲೋ ಬೇಡವೋ ಎಂಬ ಪ್ರಶ್ನೆಯೇ ಏಳದು. ನಮ್ಮ ಕಡಲೂರಿನಲ್ಲಿ ಅಷ್ಟು ಸಲೀಸಲ್ಲ. ಮೂರ್ತಿಯ ಮುಂದೆ ನಿಂತಾಗ ನನ್ನ ಕೈ ಮೇಲೇಳಲಿಲ್ಲ. ಸ್ಟೇಟಸ್‌ಗೆ ಏನು ಬರೆಯಲಿ ಎಂದು ಸಿಟ್ಟಿನ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ. ಪಕ್ಕದಲ್ಲಿ ನೋಡಿದರೆ ಅವ್ವ ಕೈ ಮುಗಿದು ನಿಂತಿದ್ದಾಳೆ.

"ಅವ್ವ, 22 ಪ್ರತಿಜ್ಞೆ ಮರೆತುಬಿಟ್ಯಾ?" ಎಂದೆ.

"ನಾನು ಬುದ್ಧಪ್ಪಂಗೆ ಮುಗಿದೆ ಕಣಪ್ಪ. ಅವರು ಯಾವ ಹೆಸರಲ್ಲಿ ಕರೀತಾರೋ ಅದು ಅವರಿಗೆ ಬುಡು" ಎಂದಳು.

ಚಿಕ್ಕಂದಿನಲ್ಲಿ ನಮ್ಮೂರ ಗುಡಿಯ ಹೊರಗೇ ನಿಂತವಳು ಅವಳು. ಸಿಟ್ಟಾಗುವ ಹಕ್ಕು ನನಗಿಂತ ಅವಳಿಗೇ ಹೆಚ್ಚು.

ಹೊರಡುವಾಗ ಅವ್ವ ಬಾಗಿಲಲ್ಲಿ ನಿಂತಳು. ಕತ್ತುನೋವಿನಿಂದ ಕತ್ತು ತಿರುಗದು. ಇಡೀ ಮೈ ತಿರುಗಿಸಿ ಒಳಗೆ ನೋಡಿದಳು. "ಇನ್ನೊಂದ್ಸಲ ಬತ್ತೀನೋ ಇಲ್ವೋ, ನೋಡ್ಕಬುಡ್ತೀನಿ."

ನನಗೆ ಮಹಾಪರಿನಿಬ್ಬಾಣ ಸುತ್ತ ನೆನಪಾಯಿತು. 80 ವರ್ಷದ ಭಗವಾನರು ವೈಶಾಲಿಯನ್ನು ಬಿಟ್ಟು ಹೊರಟಾಗ ಆನೆಯಂತೆ ಇಡೀ ಮೈ ತಿರುಗಿಸಿ ಊರನ್ನು ನೋಡಿದರು. ಇದೇ ಕೊನೆಯ ನೋಟವೆಂದು ಆನಂದನಿಗೆ ಹೇಳಿದರು. ಅದಕ್ಕೂ ಮೊದಲು ವೈಶಾಲಿ ಎಷ್ಟು ರಮ್ಯವೆಂದು ಮೆಚ್ಚಿದ್ದರು. ಮೆಚ್ಚಿದರು, ನೋಡಿದರು, ಮುಂದೆ ನಡೆದರು. ಊರು ತಮ್ಮದಾಗಬೇಕೆನ್ನಲಿಲ್ಲ.

ಹಾಗಾದರೆ 'ಇದು ವಿಹಾರವಾಗಿತ್ತು' ಎಂದು ಹೇಳುವುದೇ ತಪ್ಪೇ? ಅಲ್ಲ. ಮುಚ್ಚಿಹೋದ ಚರಿತ್ರೆಯನ್ನು ಹುಡುಕಿ ಹೇಳಬೇಕೆಂದು ಬಾಬಾಸಾಹೇಬರು ಬರೆದೇ ತೋರಿಸಿದ್ದಾರೆ. ಆದರೆ ಹೇಳಿದರೆ ಪೂರ್ತಿ ಹೇಳಬೇಕು. ಅದೇ ಶಾಸನ ಕುಂದವರ್ಮನನ್ನು ಶಿವಭಕ್ತನೆಂದೂ ಕರೆಯುತ್ತದೆ. ಮೂರ್ತಿ ಯಾರದೆಂಬ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯೂ ಇದೆ. ನನ್ನ ಸ್ಟೇಟಸ್‌ನಲ್ಲಿ ಈ ಎರಡಕ್ಕೂ ಜಾಗವಿರಲಿಲ್ಲ. ಸತ್ಯ ಬೇಕೆನ್ನುವುದು ನ್ಯಾಯ. ಸತ್ಯದಲ್ಲಿ ನನಗೆ ಬೇಕಾದಷ್ಟನ್ನೇ ಹಿಡಿದುಕೊಳ್ಳುವುದು ತೃಷ್ಣೆ. ಸಿಟ್ಟಿನಲ್ಲಿದ್ದಾಗ ಇವೆರಡರ ವ್ಯತ್ಯಾಸ ಕಾಣುವುದಿಲ್ಲ.

ಊರಿಗೆ ಬಂದ ಮೇಲೆ ಪಕ್ಕದ ಮನೆಯ ಹುಡುಗಿ ಕೇಳಿದಳು: "ಅಣ್ಣ, ಆ ಮೂರ್ತಿಯ ಮುಖ ಹೆಂಗಿತ್ತು?" ಇಸವಿ ಹೇಳಿದೆ, ದೊರೆಯ ಹೆಸರು ಹೇಳಿದೆ. ಮುಖ ಹೇಗಿತ್ತೆಂದು ಹೇಳಲು ಬರಲಿಲ್ಲ. ಅಷ್ಟು ದೂರ ಹೋಗಿ ನಾನು ನೋಡಿಯೇ ಇರಲಿಲ್ಲ.

ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅವ್ವ ಹೇಳತೊಡಗಿದಳು. ಹುಡುಗಿಯ ಜೊತೆ ನಾನೂ ಕುಳಿತು ಕೇಳಿದೆ.

*ಇಂದಿನ ಅಭ್ಯಾಸ:* ದಿನವೂ ಕಾಣುವ ಒಂದು ಮುಖವನ್ನು, ಮನೆಯವರದೋ ನೆರೆಯವರದೋ, ಇದೇ ಕೊನೆಯ ದಿನವೆಂಬಂತೆ ಒಮ್ಮೆ ನೋಡೋಣ. ನಮ್ಮದು ಎನ್ನದೆ, ಸುಮ್ಮನೆ ನೋಡೋಣ.

ಸಬ್ಬೇ ಸತ್ತಾ ಸುಖಿತಾ ಹೋಂತು.
ಸಾಧು, ಸಾಧು, ಸಾಧು 🙏